ತುಂಬು ತೋಳಿನ ಚೂಡಿದಾರ

"ಎಡಗೈ ಚಾಚು," ಎಂದರು ಬಸವಮ್ಮ, ಮೂರನೇ ಸಲ. ಮೊಮ್ಮಗಳು ಹರ್ಷಿತಾ ಬಲಗೈಯನ್ನೇ ಚಾಚಿಕೊಂಡು ಕೂತಿದ್ದಳು. ಹದಿನೈದರ ಹುಡುಗಿ, ಹಣೆ ತುಂಬ ಅಜ್ಜಿ ಬಲವಂತವಾಗಿ ಬಳಿದ ವಿಭೂತಿ. ಚಾಮರಾಜಪೇಟೆಯ ಆ ಮನೆಯಲ್ಲಿ ಪೂಜೆಗೆ ಕೂತು ಇಷ್ಟಲಿಂಗವನ್ನು ಬಲಗೈಯಲ್ಲಿ ಹಿಡಿದವರು ಯಾರೂ ಇರಲಿಲ್ಲ.

ಬಾಗಿಲಲ್ಲಿ ಎದುರುಮನೆಯ ಚಿದಂಬರ ಕಾಯುತ್ತಿದ್ದ. ಹಿಂದಿನ ದಿನ ಹರ್ಷಿತಾ ಬೀದಿಯಲ್ಲಿ ನಿಂತಿದ್ದ ಆರು ಸ್ಕೂಟರುಗಳ ಸೀಟು ಕೊಯ್ದಿದ್ದಳು. ಅವನ ಕ್ಯಾಮೆರಾದಲ್ಲಿ ಎಲ್ಲವೂ ಸಿಕ್ಕಿತ್ತು. ಪೊಲೀಸರಿಗೆ ಕೊಡುತ್ತೇನೆ ಎಂದವನನ್ನು ತಾತ ಪಂಚಾಕ್ಷರಯ್ಯನವರು ಹೇಗೋ ಒಪ್ಪಿಸಿದ್ದರು: ಹುಡುಗಿ ಮೊದಲು ಪೂಜೆಗೆ ಕೂರುತ್ತಾಳೆ, ಆಮೇಲೆ ಆರೂ ಮನೆಗೆ ಹೋಗಿ ಕ್ಷಮೆ ಕೇಳುತ್ತಾಳೆ. ಕೊರಳಿನ ಲಿಂಗ ಬಿಚ್ಚಿಟ್ಟ ದಿನದಿಂದಲೇ ಅವಳ ಬುದ್ಧಿ ಕೆಟ್ಟಿದ್ದು ಎಂಬುದು ಅವರ ತೀರ್ಮಾನ.

ತೀರ್ಮಾನಕ್ಕೇನು ಬರ. ಲಿಂಗ ಬಿಚ್ಚಿಟ್ಟಿದ್ದು ಇಡೀ ಮನೆಗೆ ಒಂದೇ ದಿನದಲ್ಲಿ ಗೊತ್ತಾಗಿತ್ತು. ಊಟ ಬಿಟ್ಟಿದ್ದು, ಶಾಲೆಯಿಂದ ಬಂದವಳೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದದ್ದು, ಗೆಳತಿಯರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಸೆಕೆಯಲ್ಲೂ ತುಂಬು ತೋಳಿನ ಚೂಡಿದಾರವನ್ನೇ ಹಾಕುತ್ತಾಳೆ, ಎಷ್ಟು ಮರ್ಯಾದೆಯ ಹುಡುಗಿ ಎಂದು ಮಾತ್ರ ನೆಂಟರ ಮುಂದೆ ಹೊಗಳಿದ್ದೇ ಹೊಗಳಿದ್ದು. ತಾಯಿ ಯಮುನಾ ಕೂಡ ಹೊಗಳಿದ್ದಳು. ಅಂಥವೇ ಇನ್ನೂ ಮೂರು ಹೊಲಿಸಿಕೊಟ್ಟಿದ್ದಳು.

"ಬಲಗೈಲಿ ಯಾರಾದ್ರೂ ಹಿಡೀತಾರೇನೇ?" ಬಸವಮ್ಮ ಅವಳ ಎಡಗೈಯನ್ನು ಎಳೆದು ಅಂಗೈ ಮೇಲೆ ಮಾಡಿದರು. ಬಟ್ಟೆ ಮೊಣಕೈವರೆಗೆ ಸರಿಯಿತು. ಮಣಿಕಟ್ಟಿನ ಮೇಲೆ ಗಾಯದ ಗೆರೆಗಳಿದ್ದವು, ಕೆಲವು ಹಳೆಯವು, ಕೆಲವು ಈ ವಾರದವು.

ಬಸವಮ್ಮ ಕೈ ಬಿಟ್ಟರು. ಪಂಚಾಕ್ಷರಯ್ಯನವರು ಬಾಗಿಲ ಕಡೆ ನೋಡಿ, ಮೊದಲು ತೋಳು ಇಳಿಸು, ಹೊರಗಿನವರಿದ್ದಾರೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಯಮುನಾಳ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷ ಮಾವನವರಿಗೆ ಎದುರಾಡದವಳು ಎದ್ದು ನಿಂತಳು.

"ಇಳಿಸಲ್ಲ. ನೋಡ್ಲಿ ಎಲ್ಲಾರೂ. ಸೀಟು ಹರಿದಿದ್ದು ಕಾಣ್ಸುತ್ತೆ, ಕೊರಳಲ್ಲಿ ಲಿಂಗ ಇಲ್ದಿದ್ದು ಕಾಣ್ಸುತ್ತೆ. ಇದು ಮಾತ್ರ ಯಾರಿಗೂ ಕಾಣಿಸ್ಲಿಲ್ಲ. ನನಗೂ ಕಾಣಿಸ್ಲಿಲ್ಲ, ಥೂ ನನ್ನ ಜನ್ಮಕ್ಕೆ."

ಮಗಳ ಕೈ ಹಿಡಿದು ಹೊರಟಳು. ಕ್ಷಮೆ ಕೇಳುವುದು ಬಾಕಿ ಇದೆ ಎಂದು ಚಿದಂಬರ ನೆನಪಿಸಿದ. ಪೊಲೀಸರಿಗೇ ಹೇಳಿ, ಆಸ್ಪತ್ರೆಗೇ ಬರಲಿ ಎಂದು ಅವನನ್ನು ದಾಟಿ ಮೆಟ್ಟಿಲಿಳಿದಳು.

ಆಟೋ ಸ್ವಲ್ಪ ದೂರ ಹೋದಮೇಲೆ ಹರ್ಷಿತಾ ಬಾಯಿ ಬಿಟ್ಟಳು.

"ಒಳಗೆಲ್ಲಾ ಖಾಲಿ ಖಾಲಿ ಅಮ್ಮ. ನೆಟ್ಟಗಿರೋದು ಏನು ನೋಡಿದ್ರೂ ಸಿಟ್ಟು ಬರುತ್ತೆ."

"ಬರ್ಲಿ," ಎಂದಳು ಯಮುನಾ. "ಡಾಕ್ಟರ ಹತ್ರ ಹೀಗೇ ಹೇಳು. ನಾನು ಪಕ್ಕದಲ್ಲೇ ಇರ್ತೀನಿ."

ಆಗ ಹುಡುಗಿ ತಾಯಿಯ ತೊಡೆಯ ಮೇಲೆ ಮುಖವಿಟ್ಟು ದೊಡ್ಡ ದನಿ ತೆಗೆದು ಅಳತೊಡಗಿದಳು. ಸಿಗ್ನಲ್‌ನಲ್ಲಿ ಅಕ್ಕಪಕ್ಕದ ಬೈಕಿನವರೆಲ್ಲ ತಿರುಗಿ ನೋಡಿದರು. ಆಟೋದವನು ಕೈಯೆತ್ತಿ ತನ್ನ ತಲೆಯ ಮೇಲಿನ ಕನ್ನಡಿಯನ್ನು ಮೆಲ್ಲಗೆ ರಸ್ತೆಯ ಕಡೆಗೆ ತಿರುಗಿಸಿದ.