ಬಲ್ಬಿನ ಕಾವು

ನನ್ನ ಗಂಡ ಲಖನನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ನಾಗನೂರಿನಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಾನೆ. ಸುತ್ತಿದ ಮೇಲೆ ವಾರ್ನಿಷ್ ಹೊಯ್ದು, ದೊಡ್ಡ ಬಲ್ಬಿನ ಕಾವಿನಲ್ಲಿ ಒಣಗಿಸುತ್ತಾನೆ. ಇಷ್ಟು ಬಂದರೆ ಎಲ್ಲಾ ಬಂದಂತೆ ಎಂಬ ಹಮ್ಮು ಅವನದು.

ನನ್ನ ಕಾಲು ಜೋಮು ಹಿಡಿದು ಕಣ್ಣು ಮಂಜಾದಾಗ ಬೆಳಗಾವಿಯ ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಮಿದುಳು, ಬೆನ್ನುಹುರಿಗಳಲ್ಲಿ ನರಕೋಶಗಳ ಜೊತೆ ಗ್ಲಿಯಾ ಎಂಬ ಕೋಶಗಳೂ ಇರುತ್ತವಂತೆ. ಅವುಗಳಲ್ಲಿ ಕೆಲವು ಕೈ ಚಾಚಿ ನರದ ಎಳೆಯನ್ನು ಪದರು ಪದರಾಗಿ ಸುತ್ತುತ್ತವೆ. ಆ ಪೊರೆಯೇ ಮಯಲಿನ್. ನರ ಸಂದೇಶ ಕಳಿಸುತ್ತಿದ್ದರೆ ಸುತ್ತುವ ಕೋಶಕ್ಕೂ ಹುರುಪು. ಅದು ನರಕ್ಕೆ ಊಟವನ್ನೂ ಉಣಿಸುತ್ತದೆ. ನನ್ನ ಮೈಯ ಕಾವಲಿನ ಕೋಶಗಳೇ ದಾರಿ ತಪ್ಪಿ ಆ ಪೊರೆಯನ್ನು ಅಲ್ಲಲ್ಲಿ ಕೆಡಿಸಿದ್ದವು. “ಔಷಧಿ ಬಿಡಬೇಡಿ, ದಿನಾ ನಡೆಯಿರಿ, ಮೈಗೆ ಬಿಸಿ ತಾಗಿಸಬೇಡಿ, ಕಾವೇರಿದರೆ ಕಣ್ಣು, ಕಾಲು ಇನ್ನಷ್ಟು ಸೋಲುತ್ತವೆ. ಪೊರೆ ಸ್ವಲ್ಪವಾದರೂ ಮತ್ತೆ ಬೆಳೆಯಬಹುದು,” ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಲಖನನ ಕಿವಿಗೆ ಬಿದ್ದದ್ದು ಪೊರೆ ಕೆಟ್ಟಿದೆ ಎಂಬುದೊಂದೇ.

“ಇಷ್ಟ ಹೌದಿಲ್ಲೋ? ಇನ್ಸುಲೇಷನ್ ಹೋಗೇತಿ. ಕಾಸಿದ್ರ ಗಟ್ಟಿ ಆಗತೈತಿ.”

ಮನೆಗೆ ಬಂದವನೇ ನನ್ನನ್ನು ಮಂಚದ ಮೇಲೆ ಬೋರಲು ಮಲಗಿಸಿ, ಬೆನ್ನ ಮೇಲೆ ಅಂಗಡಿಯ ಬಲ್ಬು ತೂಗಿಬಿಟ್ಟ. ಅತ್ತೆ ಉದ್ದವ್ವ ಮಗನ ಜಾಣತನಕ್ಕೆ ಲಟಿಕೆ ಮುರಿದಳು. ಎಂಥ ಮಗನಿಗೆ ಎಂಥ ತಾಯಿ.

ಮಧ್ಯಾಹ್ನದ ಹೊತ್ತಿಗೆ ಎದುರಿನ ಗೋಡೆಯೇ ಕಾಣದಾಯಿತು. ಕಾಲು ಮರಗಟ್ಟಿದವು.

“ಏನೂ ಕಾಣವಲ್ದು. ಬಂದ್ ಮಾಡ್ರಿ.”

“ಅಳ್ಳಾಡಬ್ಯಾಡ. ಹಸಿ ಇದ್ದಾಗ ಅಳ್ಳಾಡಿದ್ರ ಕಾಯಿಲ್ ಕೆಡತೈತಿ,” ಎಂದು ಊಟಕ್ಕೆ ಹೋದ. ಹೆಂಡತಿ ಕುರುಡಾದರೂ ಅವನಿಗೆ ರೊಟ್ಟಿ ಬಿಸಿಯಿರಬೇಕು.

ಅತ್ತುಬಿಟ್ಟೆ. ಸಾಯುವ ಹೆದರಿಕೆಯಲ್ಲ, ಬದುಕಿರುವಷ್ಟು ದಿನ ಈ ಮೂರ್ಖ ನಡೆಸಿದಂತೆ ನಡೆಯಬೇಕಲ್ಲ ಎಂಬ ಹೆದರಿಕೆ. ತೆವಳುತ್ತ ಹೋಗಿ ಪ್ಲಗ್ಗು ಕಿತ್ತೆ. ಬಚ್ಚಲಲ್ಲಿ ಕುಳಿತು ಮೈಮೇಲೆ ತಣ್ಣೀರು ಸುರಿದುಕೊಂಡೆ. ಸಂಜೆಯ ಹೊತ್ತಿಗೆ ಗೋಡೆ ಕಂಡಿತು, ಕಾಲಿಗೂ ಒಂದಿಷ್ಟು ಜೀವ ಬಂತು.

ಗೋಕಾಕ ಫಾಲ್ಸಿನಲ್ಲಿರುವ ಅಕ್ಕ ಭಾಗ್ಯಾಳಿಗೆ ಫೋನು ಮಾಡಿದೆ. ಅವಳು ಆಟೋ ತಂದಳು. ಕೋಲೂರಿ, ಅವಳ ಹೆಗಲು ಹಿಡಿದು ಅಂಗಳ ದಾಟಿದೆ. “ಈ ಮನಿಗೆ ನಾ ತಿರುಗಿ ಬರಾಂಗಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಲಖನ ಕಟ್ಟೆಯ ಮೇಲಿದ್ದ ಮಂದಿಗೆ ನನ್ನ ಕಾಲುಗಳನ್ನು ತೋರಿಸುತ್ತಿದ್ದ.

“ನೋಡ್ರಿ, ಹೆಂಗ ನಡ್ಯಾಕತ್ತಾಳ. ನಾನ ಮಾಡಿದ್ದು.”