ಮೀನಾಗುವ ಶುಕ್ರವಾರ

ಶುಭ ಶುಕ್ರವಾರ ಸಮುದ್ರಕ್ಕಿಳಿದವರು ಮೀನಾಗುತ್ತಾರೆ. ಯಾರು ಹೇಳಿದ್ದು, ಈವರೆಗೆ ಯಾರು ಆಗಿದ್ದಾರೆ ಎಂದೆಲ್ಲ ಸಮುದ್ರದಿಂದ ದೂರದ ಮೋಕಾ ಊರಿನವರನ್ನು ಕೇಳಬಾರದು. ಕೇಳಿದರೆ, ಪಾಪ, ಇವರಿಗೆ ಅಜ್ಜಿ ಇರಲಿಲ್ಲವೇನೋ ಎಂದು ನಿಮ್ಮನ್ನೇ ಕನಿಕರದಿಂದ ನೋಡುತ್ತಾರೆ. ಹಾಗಿದ್ದ ಮೇಲೆ ಈಸ್ಟರ್ ರಜೆಗೆ ಬಸ್ಸು ಮಾಡಿಕೊಂಡು ಸಮುದ್ರಕ್ಕೇ ಏಕೆ ಬರಬೇಕು? ಬರಲೇಬೇಕು, ರಜೆ ಎಂದರೆ ಸಮುದ್ರ. ಬಂದು, ಶುಕ್ರವಾರವಿಡೀ ನೀರಿಗೆ ಮುಖ ಮಾಡಿ ಬೆವರುತ್ತ ಕೂರಬೇಕು. ಶನಿವಾರ ಬೆಳಕು ಹರಿದ ಮೇಲೆ ನೀರಿಗೆ ಬಿದ್ದು ಒದ್ದಾಡಲಿ, ಯಾರು ಬೇಡ ಎನ್ನುತ್ತಾರೆ.

ಆ ಶುಕ್ರವಾರವೂ ಮೂವತ್ತೆಂಟು ಜನ ತೆಂಗಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು. ಹಂಡೆ ತುಂಬ ಸ್ಪಗೆಟಿ, ಬುಟ್ಟಿ ತುಂಬ ಬ್ರೆಡ್ಡು, ಹುರುಳಿಕಾಯಿ ಬೀಜದ ಸಿಹಿ ಪಾಯಸ. ಎಲ್ಲರೂ ತಟ್ಟೆ ಖಾಲಿ ಮಾಡುತ್ತಿದ್ದರೆ ಎನೆಯ್ದಾ ಮಾತ್ರ ತಟ್ಟೆ ಮುಟ್ಟದೆ ದಡದ ಕಡೆಗೇ ನೋಡುತ್ತಿದ್ದಳು.

ಎನೆಯ್ದಾಗೆ ಐವತ್ತೆರಡು. ಗಂಡ ತೀರಿಹೋಗಿ ಒಂಬತ್ತು ವರ್ಷ. ಊರಿನಲ್ಲಿ ಹೆಂಗಸರ ಕೂದಲು ನೇರ ಮಾಡುವ ಅಂಗಡಿ ಇಟ್ಟಿದ್ದಾಳೆ. ಆ ಅಂಗಡಿಗೆ ಮೂರು ವರ್ಷದಿಂದ ದಿನಾ ಸಂಜೆ ತಪ್ಪದೆ ಬರುತ್ತಿದ್ದ ಗಂಡಸೆಂದರೆ ಬಸ್ ಚಾಲಕ ಎವಾರಿಸ್ತೊ ಒಬ್ಬನೇ. ಅವನ ತಲೆಯಲ್ಲಿ ಹುಡುಕಿದರೂ ಒಂದು ಕೂದಲಿಲ್ಲ. ಬಂದ ಕಾರಣ ಊರಿಗೆಲ್ಲ ಗೊತ್ತಿತ್ತು. ಈಗ ಅವನಿಗೆ ಪೂರ್ವ ತೀರದ ಹೋಟೆಲಿನಲ್ಲಿ ಕೆಲಸ ಸಿಕ್ಕಿತ್ತು. ಮದುವೆಗೆ ಒಪ್ಪಿಗೆ ಸಿಕ್ಕರೆ ಇಲ್ಲೇ ಉಳಿಯುತ್ತೇನೆ, ಇಲ್ಲವಾದರೆ ಸೋಮವಾರ ಹೊರಡುತ್ತೇನೆ ಎಂದಿದ್ದ. ಎನೆಯ್ದಾ ಒಪ್ಪಿ ಯಾವ ಕಾಲವಾಯಿತೋ. ಒಪ್ಪದವಳು ಅವಳ ತಾಯಿ, ಊರೆಲ್ಲ ಗೌರವದಿಂದ ಡೋನ್ಯಾ ಎನ್ನುವ ಎಂಬತ್ತನಾಲ್ಕರ ತೊಮಾಸಿನಾ. ತಾಯಿ ಹರಸದೆ ಎನೆಯ್ದಾ ಸಂತೆಗೂ ಹೋದವಳಲ್ಲ, ಇನ್ನು ಮದುವೆಯೇ?

ಮುದುಕಿ ಹಿಂದಿನ ದಿನ ಬಸ್ಸಿನಲ್ಲಿ ಎಲ್ಲರೆದುರು ಷರತ್ತು ಹಾಕಿಬಿಟ್ಟಿದ್ದಳು. "ನೋಡಪ್ಪಾ, ಡ್ರೈವರ್‌ಗಳಿಗೆ ಸ್ಟಾಪಿಗೊಬ್ಬಳು ಇರ್ತಾಳೆ. ನನ್ನ ಮಗಳು ನಿಂಗೆ ಅಷ್ಟು ಬೇಕಾಗಿದ್ರೆ ನಾಳೆ ಶುಕ್ರವಾರ ಸಮುದ್ರಕ್ಕಿಳಿ. ಎರಡು ಕಾಲಿಟ್ಕೊಂಡು ಎದ್ದು ಬಂದ್ರೆ ಕೊಡ್ತೀನಿ."

ಎವಾರಿಸ್ತೊನಂಥವನಿಗೆ ಇದನ್ನು ಹೇಳಿದಳು ನೋಡಿ. ಶುಭ ಶುಕ್ರವಾರ ನೀರು ಮುಟ್ಟಲು ಹೆದರಿ ಬಸ್ಸನ್ನೂ ತೊಳೆಯದ ಪುಣ್ಯಾತ್ಮ ಅವನು. ಸಾಲದ್ದಕ್ಕೆ ಈಜೂ ಬಾರದು.

ಮಧ್ಯಾಹ್ನವಾದರೂ ಅವನು ಪ್ಯಾಂಟು ಮಡಚಿಕೊಂಡು ದಡದಲ್ಲೇ ನಿಂತಿದ್ದ. ಅಲೆ ಬಂದರೆ ಹಿಂದೆ ಹಾರುತ್ತಿದ್ದ, ಹೋದರೆ ಮುಂದೆ ಬರುತ್ತಿದ್ದ.

"ಯಾವ ಮೀನಾಗ್ತೀಯ ಅಂತ ಮೊದ್ಲೇ ಹೇಳ್ಬಿಡೋ, ನಿಂಬೆಹಣ್ಣು ಹೆಚ್ಚಿಟ್ಕೋತೀವಿ," ಎಂದು ನೆರಳಿನಿಂದ ಒಬ್ಬ ಕೂಗಿದ.

"ಬಸ್ಸಿನ ಕೀ ಕೊಟ್ಟು ಹೋಗು ಮಾರಾಯ, ನಾವು ಊರು ಸೇರ್ಬೇಕು," ಎಂದ ಇನ್ನೊಬ್ಬ.

ಎನೆಯ್ದಾಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಅವನ ಪಕ್ಕ ನಿಂತಳು. "ಏನ್ರೀ, ಇನ್ನೂ ಎಷ್ಟೊತ್ತು?"

"ಅಲೆ ಸ್ವಲ್ಪ ನಿಲ್ಲಲಿ ಅಂತ."

"ಸಮುದ್ರದ ಅಲೆ ನಿಲ್ಲೋದನ್ನ ಕಾಯ್ತಿದ್ದೀರಾ? ಸರಿ, ನಾನೇ ಹೋಗ್ತೀನಿ."

ಎರಡು ಗಂಟೆ ಕೂತು ನೇರ ಮಾಡಿಸಿಕೊಂಡ ಕೂದಲು, ಹಬ್ಬದ ಹೊಸ ಉಡುಪು, ಯಾವುದನ್ನೂ ನೋಡದೆ ದಡದಡ ನಡೆದೇಬಿಟ್ಟಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಭಯವಾಗಬೇಕಿತ್ತು. ಬದಲಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ಐವತ್ತೆರಡು ವರ್ಷ ಈ ಶುಕ್ರವಾರದ ತಂಪನ್ನು ದಡದಿಂದಲೇ ನೋಡಿದೆನಲ್ಲ ಎಂದು ಹುಚ್ಚಿಯ ಹಾಗೆ ನಕ್ಕಳು. ದಡದಲ್ಲಿ ಹೆಂಗಸರು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ಹಿಂದೆ ದೊಡ್ಡ ಸದ್ದಾಯಿತು. ತಿರುಗಿದರೆ ಎವಾರಿಸ್ತೊ, ಟೋಪಿ ಸಮೇತ, ನೀರನ್ನು ಎರಡೂ ಕೈಯಲ್ಲಿ ಬಡಿಯುತ್ತ ಬರುತ್ತಿದ್ದ. ಮುಖ ಸುಣ್ಣದಂತೆ ಬಿಳಿಚಿತ್ತು.

"ನಿಲ್ಲೇ ಎನೆಯ್ದಾ," ಎಂದು ಕೂಗಿದ. "ಮೀನಾಗೋದಾದ್ರೆ ಇಬ್ರೂ ಒಟ್ಟಿಗೇ ಆಗೋಣ. ನೀನೊಬ್ಳೇ ಆಗ್ಬೇಡ."

ಅಷ್ಟರಲ್ಲಿ ಅಲೆಯೊಂದು ಬಂದು, ಟೋಪಿ ಎಗರಿಸಿ, ಇಬ್ಬರನ್ನೂ ಬುಡಮೇಲು ಮಾಡಿತು. ಒಬ್ಬರನ್ನೊಬ್ಬರು ಹಿಡಿದುಕೊಂಡು, ಉಪ್ಪುನೀರು ಉಗುಳುತ್ತ, ನಗುತ್ತ ಎದ್ದು ಬಂದರು. ಎನೆಯ್ದಾಳ ಕೂದಲು ತೆಂಗಿನ ನಾರಿನಂತೆ ಎದ್ದು ನಿಂತಿತ್ತು.

ನೆರಳಿನಲ್ಲಿ ಜಗಳ ಶುರುವಾಗಿತ್ತು. "ಅವಳು ಮೊದ್ಲು ಇಳಿದಿದ್ದು, ಅವನು ಸೋತ," ಎಂದರು ಅರ್ಧ ಜನ. "ಇಳಿದ ತಾನೇ, ಗೆದ್ದ," ಎಂದರು ಉಳಿದವರು. ತೊಮಾಸಿನಾ ಕೋಲು ಎತ್ತಿದೊಡನೆ ಎಲ್ಲರ ಬಾಯಿ ಮುಚ್ಚಿತು. ಅವಳು ಬಗ್ಗಿ ಎವಾರಿಸ್ತೊನ ಎರಡು ಪಾದಗಳನ್ನೂ ನೋಡಿದಳು.

"ನಿಜ ಹೇಳು. ಮೀನಾಗ್ತೀನಿ ಅಂತ ನಂಬಿದ್ಯಾ?"

"ನಂಬಿದ್ದೆ ಅಮ್ಮಾ," ಎಂದ ಅವನು ನಡುಗುತ್ತ. "ಈಗ್ಲೂ ಬೆನ್ನೆಲ್ಲ ತುರಿಸ್ತಿದೆ."

ಮುದುಕಿ ಜನರತ್ತ ತಿರುಗಿದಳು. "ನಂಬದೇ ಇರೋನು ಇಳಿದಿದ್ರೆ ಅದು ಬರೀ ಸ್ನಾನ ಕಣ್ರೋ. ಇವನು ಮೀನಾಗ್ತೀನಿ ಅಂತ ಗೊತ್ತಿದ್ದೂ ನನ್ನ ಮಗಳ ಹಿಂದೆ ಹೋದ." ಆಮೇಲೆ ಅವನ ಒದ್ದೆ ಬೋಳುತಲೆಯ ಮೇಲೆ ಕೈಯಿಟ್ಟು, "ದೇವರು ನಿಮ್ಮಿಬ್ರನ್ನೂ ಚೆನ್ನಾಗಿಟ್ಟಿರ್ಲಿ. ಸೋಮವಾರ ಎಲ್ಲಿಗೂ ಹೋಗ್ಬೇಡಪ್ಪ," ಎಂದಳು.

ಎನೆಯ್ದಾ ಮರಳಿನಲ್ಲಿ ಕೂತು ಜೋರಾಗಿ ಅತ್ತಳು. ಎವಾರಿಸ್ತೊ ಪಕ್ಕದಲ್ಲೇ ಕೂತು ಅವಳ ಕಾಲ್ಬೆರಳು ಎಣಿಸುತ್ತಿದ್ದ.