ಅರವತ್ತೊಂದು ಹಾಳೆ

ಹದಿನೇಳನೇ ಹಾಳೆ ಬಂದಮೇಲೆ ಕಾಗದ ತುಂಬಲು ಆರಿಸಿ ಮತ್ತೆ ಹಾಕಿದ್ದೇ ಪ್ರಿಂಟರು ಸುಮ್ಮನಾಯಿತು. ಹಸಿರು ದೀಪ ಕಿತ್ತಳೆಯಾಗಿ ಮಿಟುಕತೊಡಗಿತು. ಕಂಪ್ಯೂಟರಿನ ಪರದೆಯ ಮೇಲೆ ಮತ್ತೆ ಅದೇ ಸಾಲು: ಪ್ರಿಂಟರ್ ಸಂಪರ್ಕದಲ್ಲಿಲ್ಲ. ಗಡಿಯಾರ ನೋಡಿದೆ. ಹನ್ನೊಂದೂ ಇಪ್ಪತ್ತು. ಇನ್ನೂ ನಲವತ್ತನಾಲ್ಕು ಹಾಳೆ ಬಾಕಿ. ಮೂರು ಗಂಟೆಗೆ ಶಾಲೆಯಲ್ಲಿ ಮಗಳು ಎದ್ದು ನಿಂತು ಓದಬೇಕು.

ಮಗಳು ನಾಲ್ಕನೇ ತರಗತಿ. ಬಾಯಿ ಮುಚ್ಚುವುದೇ ಅಪರೂಪವಾದ್ದರಿಂದ ಮನೆಯಲ್ಲಿ ಅವಳ ಹೆಸರು ಜೀರುಂಡೆ. ಹುಟ್ಟಿನಿಂದಲೇ ಅವಳಿಗೆ ದೃಷ್ಟಿ ಕಡಿಮೆ. ದಪ್ಪ ಕನ್ನಡಕ ಹಾಕಿದರೂ ಪುಸ್ತಕದ ಸಾಲು ಅವಳಿಗೆ ಇರುವೆ ಹರಿದಂತೆ ಕಾಣುತ್ತದೆ. ಅಕ್ಷರ ಹೆಬ್ಬೆರಳಿನ ಉಗುರಿನಷ್ಟಿದ್ದರೆ ಮಾತ್ರ ನೀರು ಕುಡಿದಷ್ಟು ಸಲೀಸಾಗಿ ಓದುತ್ತಾಳೆ.

ಹೋದ ವಾರ ಹೆಡ್‌ಮಿಸ್ ನನ್ನನ್ನು ಕರೆಸಿದ್ದರು. "ಓದೋ ತರಗತಿಯಲ್ಲಿ ಇನ್ನು ಮೇಲೆ ಇವಳು ಚಿಕ್ಕ ಮಕ್ಕಳ ಕೋಣೆಯಲ್ಲಿ ಕೂತು ಕಥೆ ಕೇಳಿಕೊಂಡು ಇರಲಿ ಅಮ್ಮ. ಅವಳಿಗೂ ಹಿಂಸೆ ತಪ್ಪುತ್ತೆ," ಎಂದರು. ಅವರ ಮುಖದ ತುಂಬ ಕರುಣೆ. ಆ ಕರುಣೆ ನೋಡಿಯೇ ನನಗೆ ಮೈ ಉರಿಯಿತು.

"ಶುಕ್ರವಾರ ಎಲ್ಲರೂ ಓದೋ ಪುಸ್ತಕಾನೇ ಇವಳೂ ಓದಿದರೆ?"

"ಓದಿದರೆ ಇಲ್ಲೇ ಇರಲಿ, ನನಗೇನು. ಆದರೆ ಅದು ದೊಡ್ಡಕ್ಷರದಲ್ಲಿ ಎಲ್ಲೂ ಸಿಗಲ್ಲ."

"ಸಿಗದಿದ್ದರೆ ಬೇಡ ಬಿಡಿ. ನಾನು ಮಾಡ್ಕೊಂಡು ಬರ್ತೀನಿ."

ಹೇಳಿ ಬಂದೆ. ಆಮೇಲೆ ಐದು ದಿನ, ಮಷೀನಿನಲ್ಲಿ ಬಟ್ಟೆ ತಿರುಗುವಾಗ, ಒಲೆಯ ಮೇಲೆ ಏನಾದರೂ ಬೇಯುವಾಗ, ಎರಡೇ ಬೆರಳಿನಲ್ಲಿ ಇಡೀ ಪುಸ್ತಕ ಟೈಪ್ ಮಾಡಿದೆ. ಇಪ್ಪತ್ತೆರಡು ಪುಟದ ಪುಸ್ತಕ ದೊಡ್ಡಕ್ಷರದಲ್ಲಿ ಅರವತ್ತೊಂದು ಹಾಳೆಯಾಯಿತು. ಬೀದಿ ತುದಿಯ ಜೆರಾಕ್ಸ್ ಅಂಗಡಿಯವನಿಗೆ ಕೊಡಬಹುದಿತ್ತು. ಹಿಂದೆ ಒಂದು ಪಾಠ ಕೊಟ್ಟಾಗ ಆತ ಕಾಗದ ಉಳಿಸಿದ್ದೀನಿ ನೋಡಿ ಎಂದು ಹೆಮ್ಮೆಯಿಂದ ಒಂದು ಹಾಳೆಗೆ ನಾಲ್ಕು ಪುಟ ಕುಗ್ಗಿಸಿ ಕೈಗಿಟ್ಟಿದ್ದ. ಈ ಸಲ ಅಂಗಡಿಯ ಷಟರೇ ಇಳಿದಿತ್ತು. ಮದುವೆಗೆ ಹೋಗಿದ್ದಾನೆ, ಸೋಮವಾರ ಬರುತ್ತಾನೆ ಎಂದರು ಪಕ್ಕದವರು.

ಉಳಿದದ್ದು ಮನೆಯ ಪ್ರಿಂಟರು. ಮೈದುನನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಯಾರೋ ಬಿಟ್ಟುಹೋದದ್ದು. ಕೇಬಲ್ ಸಿಕ್ಕಿಸುವ ಬಾಯಿ ಮುರಿದಿದೆ, ಹಾಗಾಗಿ ಏನಿದ್ದರೂ ವೈಫೈ ಮೇಲೆಯೇ ನಡೆಯಬೇಕು. ನಡೆದರೆ ಚೆನ್ನಾಗಿಯೇ ನಡೆಯುತ್ತದೆ. ಇದ್ದಕ್ಕಿದ್ದಂತೆ ಕೈಕೊಡುತ್ತದೆ ಅಷ್ಟೆ.

ಮೈದುನ ಅವತ್ತು ಅಂಗಡಿಗೆ ರಜೆ ಹಾಕಿ ಸೋಫಾದ ಮೇಲೆ ಕಾಲು ಚಾಚಿಕೊಂಡಿದ್ದ. ಮಡಿಲಲ್ಲಿ ಒಂದು ಫೋನು, ಎದೆಯ ಮೇಲೆ ಇನ್ನೊಂದು, ಕೈಗೆ ಫೋನಿನಂತೆಯೇ ವೈಫೈ ಹಿಡಿಯುವ ವಾಚು. ಟೀಪಾಯಿಯ ಮೇಲೆ ಗಿರಾಕಿಯ ಫೋನೊಂದು ಸಿನಿಮಾ ಓಡಿಸುತ್ತ ಬಿದ್ದಿತ್ತು, ರಿಪೇರಿಯಾದದ್ದು ಸರಿಯಾಗಿದೆಯೋ ಇಲ್ಲವೋ ನೋಡಲು.

"ಮತ್ತೆ ನಿಂತಿತು ಕಣೋ," ಎಂದೆ.

"ಅತ್ತಿಗೆ, ಅದರ ಕಥೆ ಮುಗೀತು ಅಂತ ಎಷ್ಟು ಸಲ ಹೇಳಲಿ? ಗುಜರಿಗೆ ಹಾಕಿ."

"ಹದಿನೇಳು ಹಾಳೆ ಚಂದವಾಗಿ ಕೊಟ್ಟಿದೆಯಲ್ಲ."

"ಸಾಯೋಕೆ ಮುಂಚೆ ಹಾಗೇ ಆಡುತ್ತೆ."

"ನಿನ್ನ ಬಾಯಲ್ಲಿ ಒಳ್ಳೆ ಮಾತು ಬರೋದು ಗಿರಾಕಿ ಬಂದಾಗ ಮಾತ್ರ," ಎಂದರು ಅತ್ತೆ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಟ್ಯಾಬಿನಲ್ಲಿ ಧಾರಾವಾಹಿ ನೋಡುತ್ತಿದ್ದರು. ಕಣ್ಣು ಮೇಲೆತ್ತಲಿಲ್ಲ.

ಪ್ರಿಂಟರಿನ ಸ್ವಿಚ್ಚು ಆರಿಸಿ ಹಾಕಿದೆ. ಕಿತ್ತಳೆ. ವೈಫೈ ಪೆಟ್ಟಿಗೆಯ ಹತ್ತಿರಕ್ಕೇ ಹೊತ್ತು ತಂದು ಸ್ಟೂಲಿನ ಮೇಲಿಟ್ಟೆ. ಆಗಲೂ ಕಿತ್ತಳೆ. ಪಾಸ್‌ವರ್ಡು ಮತ್ತೆ ಒತ್ತಿದೆ, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು. ಒಪ್ಪಲಿಲ್ಲ. ಕೊನೆಗೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಸಿಂಕಿನ ಪಾತ್ರೆಗೆ ಕೈ ಹಾಕಿದೆ. ಎಂಟು ಪಾತ್ರೆ ತೊಳೆದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಮೇಡಂ, ಅದು ಹಳೇ ಮಾಡೆಲ್. ಹೊಸದು ತಗೊಳ್ಳೋದು ಒಳ್ಳೇದು."

"ಹೊಸದರ ವಿಷಯ ನಾಳೆ ಮಾತಾಡೋಣ ತಾಯಿ. ಈಗ ಇದಕ್ಕೆ ಏನಾಗಿದೆ ಅಂತ ಇದರ ಬಾಯಿಂದಲೇ ಕೇಳೋ ದಾರಿ ಇದೆಯಾ?"

ಹುಡುಗಿ ಸಣ್ಣಗೆ ನಕ್ಕಳು. "ಇದೆ ಮೇಡಂ. ಎಡಗಡೆಯ ಎರಡು ಬಟನ್ ಒಟ್ಟಿಗೆ ಹಿಡಿದುಕೊಳ್ಳಿ. ಐದು ಎಣಿಸಿ ಬಿಡಿ."

ಒದ್ದೆ ಕೈ ಸೆರಗಿಗೆ ಒರೆಸಿ ಹಿಡಿದೆ. ಪ್ರಿಂಟರು ಗೊರಗೊರ ಎಂದು ತಾನೇ ಒಂದು ಹಾಳೆ ಹೊರಗೆ ತಳ್ಳಿತು. ಹುಡುಗಿ ಸಾಲು ಸಾಲಾಗಿ ಓದಿಸಿದಳು. ವೈಫೈ ಕಾಣುತ್ತಿದೆ, ಸರಿ. ಸಿಗ್ನಲ್ ಬಲವಾಗಿದೆ, ಸರಿ. ಪಾಸ್‌ವರ್ಡ್ ಹೊಂದಿದೆ, ಅದೂ ಸರಿ. ಕೊನೆಯ ಸಾಲಿನಲ್ಲಿ ಮಾತ್ರ, ಸಂಪರ್ಕ ನಿರಾಕರಿಸಲಾಗಿದೆ ಎಂದಿತ್ತು.

"ಹಾಗಂದರೆ?"

"ಪ್ರಿಂಟರ್ ಚೆನ್ನಾಗಿದೆ ಮೇಡಂ. ಅದು ಬಾಗಿಲು ಬಡೀತಾ ಇದೆ. ನಿಮ್ಮ ವೈಫೈ ಒಳಗೆ ಬಿಡ್ತಾ ಇಲ್ಲ. ಯಾಕೆ ಅಂತ ಅಲ್ಲೇ ನೋಡಬೇಕು."

ಆ ಹಾಳೆಯನ್ನು ಮೈದುನನ ಹೊಟ್ಟೆಯ ಮೇಲಿಟ್ಟೆ. ಓದಿದ, ತುಟಿ ಹೊರಚಾಚಿದ. "ಹಳೇ ಪ್ರಿಂಟರ್‌ಗಳು ಏನೇನೋ ಹೇಳ್ತವೆ ಅತ್ತಿಗೆ," ಎಂದ. ನಾನು ಸೊಪ್ಪು ಹಾಕಲಿಲ್ಲ. ಅಡುಗೆಮನೆಯ ಮೊಳೆಗೆ ತೂಗುಹಾಕಿದ ಪುಸ್ತಕ ತಂದೆ. ಹಾಲು, ದಿನಸಿ, ಇಸ್ತ್ರಿ ಬಟ್ಟೆ ಬರೆದಿಡುವ ಪುಸ್ತಕ ಅದು. ಅಕ್ಷರದ ಅಳತೆ ನೋಡಲು ದಿನವೂ ಒಂದೆರಡು ಹಾಳೆ ತೆಗೆಯುವಾಗ ಪ್ರಿಂಟರು ನಿಂತ ಹೊತ್ತನ್ನೂ ವಾರದಿಂದ ಅದರ ಅಂಚಿನಲ್ಲಿ ಗುರುತು ಹಾಕಿದ್ದೆ. ಸೋಮವಾರ ಮಧ್ಯಾಹ್ನ ಒಂದೂ ಹತ್ತು. ಮಂಗಳವಾರ ಒಂದೂಕಾಲು. ಬುಧವಾರ ಬೆಳಿಗ್ಗೆ ಎಂಟಕ್ಕೆ, ಮತ್ತೆ ಒಂದೂ ಐದು. ಗುರುವಾರ ನಿಲ್ಲಲೇ ಇಲ್ಲ.

"ಗುರುವಾರ ಮಧ್ಯಾಹ್ನ ಊಟಕ್ಕೆ ನೀನು ಬರಲಿಲ್ಲ," ಎಂದೆ.

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಅದನ್ನೇ ಕೇಳ್ತಾ ಇದ್ದೀನಿ. ನೀನು ಮನೆಯೊಳಗೆ ಇದ್ದರೆ ಇದು ನಿಲ್ಲುತ್ತೆ. ಇವತ್ತು ಹನ್ನೊಂದೂ ಇಪ್ಪತ್ತಕ್ಕೆ ನೀನು ಏನು ಮಾಡಿದೆ?"

"ಹಾಸಿಗೆಯಿಂದ ಎದ್ದ," ಎಂದರು ಅತ್ತೆ.

"ಅಮ್ಮ, ನೀನು ಧಾರಾವಾಹಿ ನೋಡು."

"ಎದ್ದು ಏನೇನು ಆನ್ ಮಾಡಿದೆ? ಎರಡು ಫೋನು, ವಾಚು, ಗಿರಾಕಿಯದ್ದು ಒಂದು," ನಾನು ಬೆರಳು ಮಡಚಿದೆ. "ನನ್ನ ಫೋನು, ಅತ್ತೆಯ ಟ್ಯಾಬು, ಟಿ.ವಿ., ಕಂಪ್ಯೂಟರು. ಎಂಟು. ಪ್ರಿಂಟರು ಸೇರಿದರೆ ಒಂಬತ್ತು. ಈ ವೈಫೈಗೆ ಇಷ್ಟೇ ಅಂತ ಲೆಕ್ಕ ಏನಾದರೂ ಇದೆಯಾ?"

ಅವನು ಕಾಲು ಕೆಳಗಿಳಿಸಿ ಕೂತ. ಹಾಗೆ ಕೂತದ್ದರಲ್ಲೇ ನನಗೆ ಉತ್ತರ ಸಿಕ್ಕಿತು.

"ಪಕ್ಕದ ಮನೆಯವರು ನಮ್ಮದನ್ನ ಬಳಸ್ತಾರೆ ಅಂತ ಯಾವಾಗಲೋ ಎಂಟಕ್ಕೆ ಮಿತಿ ಹಾಕಿದ್ದೆ," ಎಂದ. "ಆದರೆ ಅದು ಕಾರಣ ಅಲ್ಲ ಬಿಡಿ. ಎರಡು ವರ್ಷದಿಂದ ಹಾಗೇ ಇದೆ."

"ಎರಡು ವರ್ಷದಿಂದ ಪ್ರಿಂಟರ್ ಇರಲಿಲ್ಲವಲ್ಲೋ."

"ಪ್ರಿಂಟ್ ಆಗ್ತಾ ಇರೋದನ್ನ ಅದು ಹೊರಗೆ ಹಾಕಲ್ಲ ಅತ್ತಿಗೆ."

"ಹದಿನೇಳನೇ ಹಾಳೆ ಆದಮೇಲೆ ಟ್ರೇಗೆ ಕಾಗದ ತುಂಬೋಕೆ ಅಂತ ನಾನೇ ಆರಿಸಿ ಹಾಕಿದೆ. ಅಷ್ಟರಲ್ಲಿ ನಿನ್ನ ಗಿರಾಕಿಯ ಫೋನು ಬಂದು ಅದರ ಜಾಗದಲ್ಲಿ ಕೂತಿತು. ಉಳಿದ ದಿನ ಅದು ಕೆಲಸವಿಲ್ಲದೆ ತೂಕಡಿಸಿದ ಹೊತ್ತಿಗೆ ನೀನು ಇಂಥದ್ದೇ ಗಿರಾಕಿಯ ಫೋನು ಹಿಡಿದು ಬಂದು ಕೂತೆ. ಮಿತಿ ತೆಗಿ."

"ಅದಕ್ಕೆ ಒಳಗಡೆ ಸೆಟ್ಟಿಂಗ್ಸ್ ತೆರೀಬೇಕು. ಏನಾದರೂ ತಪ್ಪಿದರೆ ಇಡೀ ಮನೆಯದು ಹೋಗುತ್ತೆ. ನಿಮಗೆ ಇದೆಲ್ಲ ಗೊತ್ತಾಗಲ್ಲ. ಸಂಜೆ ನಿಧಾನವಾಗಿ ನೋಡ್ತೀನಿ."

ಹೆಡ್‌ಮಿಸ್ಸೂ ನನ್ನೊಡನೆ ಇದೇ ದನಿಯಲ್ಲಿ ಮಾತಾಡಿದ್ದರು. ನಿಮಗೆ ಕಷ್ಟ, ಮಗುವಿಗೆ ಹಿಂಸೆ, ನಿಧಾನವಾಗಿ ನೋಡೋಣ. ನಾನು ಧ್ವನಿ ಎತ್ತಲಿಲ್ಲ. ಧ್ವನಿ ಎತ್ತಿದರೆ ಅವನು ಅದರ ಬಗ್ಗೆಯೇ ಜಗಳಕ್ಕೆ ನಿಲ್ಲುತ್ತಾನೆ, ಮಧ್ಯಾಹ್ನ ಕಳೆದುಹೋಗುತ್ತದೆ.

"ಸಂಜೆ ಅಲ್ಲಿ ಓದು ಇರಲ್ಲ," ಎಂದೆ. "ನನಗೆ ಗೊತ್ತಾಗದಿದ್ದರೆ ಬೇಡ. ಒಂದು ಪರೀಕ್ಷೆ ಮಾಡೋಣ. ಆ ವಾಚು ಬಿಚ್ಚಿ ಆಫ್ ಮಾಡು."

"ವಾಚಾ? ನನ್ನ ಹೆಜ್ಜೆ ಲೆಕ್ಕ ಹಾಕ್ತಾ ಇದೆ."

"ಸೋಫಾದ ಮೇಲೆ ಎಷ್ಟು ಹೆಜ್ಜೆ ಹಾಕಿದ್ದೀಯ?" ಎಂದರು ಅತ್ತೆ. ಅಷ್ಟು ಹೇಳಿ, ನಾಯಕಿ ಗಂಡನ ಎದುರು ಬಾಯಿ ತೆರೆಯುವ ಸಮಯಕ್ಕೆ ಸರಿಯಾಗಿ, ತಾವೇ ಟ್ಯಾಬನ್ನು ಆರಿಸಿ ಮಡಿಲಲ್ಲಿ ಕವುಚಿ ಹಾಕಿದರು. "ತಗೊಳ್ಳೇ, ನನ್ನ ಜಾಗ ಕೊಟ್ಟೆ. ಅವಳ ಸಂಸಾರ ನಾಳೆ ನೋಡ್ತೀನಿ, ಎಲ್ಲೂ ಓಡಿಹೋಗಲ್ಲ."

ಮೂವರೂ ಪ್ರಿಂಟರನ್ನೇ ನೋಡಿದೆವು. ಕಿತ್ತಳೆ ದೀಪ ಮಿಟುಕಿತು, ಮಿಟುಕಿತು, ಒಮ್ಮೆ ಆರಿತು. ಮೈದುನ ಬಾಯಿ ತೆರೆದ. ಅಷ್ಟರಲ್ಲಿ ಹಸಿರು ಹತ್ತಿತು. ಒಳಗೆ ಏನೋ ಕರಕರ ತಿರುಗಿ ಹದಿನೆಂಟನೇ ಹಾಳೆಯ ಅಂಚು ಹೊರಗೆ ಇಣುಕಿತು.

ಮೈದುನ ಸೋಫಾದಿಂದ ಎದ್ದ. ಗಿರಾಕಿಯ ಫೋನು ಆರಿಸಿದ. ಆಮೇಲೆ ಬಂದು ಕಂಪ್ಯೂಟರಿನ ಮುಂದೆ ಬಾಗಿದ. ಅಷ್ಟರಲ್ಲಿ ಅಲ್ಲಿನ ಕುರ್ಚಿಯಲ್ಲಿ ಕೂತಿದ್ದ ನಾನು ಜಾಗ ಬಿಡಲಿಲ್ಲ.

"ನೀನು ಹೇಳು, ನಾನು ಒತ್ತುತ್ತೀನಿ. ಮುಂದಿನ ಸಲ ನೀನು ಅಂಗಡಿಯಲ್ಲಿ ಇರ್ತೀಯ."

ಅವನು ಹೇಳಿದ, ನಾನು ಒತ್ತಿದೆ. ಎಂಟನ್ನು ಅಳಿಸಿ ಇಪ್ಪತ್ತು ಬರೆದೆ. ಒಳಹೋಗುವ ಪಾಸ್‌ವರ್ಡನ್ನು ಹಾಲಿನ ಲೆಕ್ಕದ ಕೆಳಗೆ ದೊಡ್ಡದಾಗಿ ಬರೆದುಕೊಂಡೆ. "ಅಲ್ಲಿ ಬರೀಬೇಡಿ ಅತ್ತಿಗೆ, ಯಾರಾದರೂ ನೋಡ್ತಾರೆ," ಎಂದ. "ನೋಡಲಿ. ಅಡುಗೆಮನೆಗೆ ಬರೋ ಧೈರ್ಯ ಇರೋದು ನನಗೂ ಅತ್ತೆಗೂ ಮಾತ್ರ," ಎಂದೆ. ಅತ್ತೆ ಕೆಮ್ಮಿದಂತೆ ನಕ್ಕರು.

ಪ್ರಿಂಟರು ಅವಸರ ಮಾಡುವ ಜಾತಿಯದ್ದಲ್ಲ. ಒಂದೊಂದು ಹಾಳೆಯನ್ನೂ ಯೋಚಿಸಿ ಯೋಚಿಸಿ ಕೊಟ್ಟಿತು. ಆ ಹೊತ್ತಿನಲ್ಲಿ ನಾನು ಬಟ್ಟೆ ಹರವಿದೆ, ಊಟಕ್ಕೆ ಬಡಿಸಿದೆ, ಅತ್ತೆ ಹಾಳೆಗಳನ್ನು ಸಂಖ್ಯೆ ನೋಡಿ ಜೋಡಿಸಿದರು. ಎರಡು ಗಂಟೆಗೆ ಅರವತ್ತೊಂದೂ ಬಂದಿದ್ದವು. ಎಡಬದಿಗೆ ರಂಧ್ರ ಹಾಕಿ, ಹಳೆಯ ಶೂ ದಾರ ಪೋಣಿಸಿ ಕಟ್ಟಿದೆ. ಎರಡೂಕಾಲಿಗೆ ಎದೆಗವಚಿಕೊಂಡು ಹೊರಟೆ.

ತರಗತಿಯ ಬಾಗಿಲಲ್ಲಿ ಹೆಡ್‌ಮಿಸ್ ನಿಂತಿದ್ದರು. ಜೀರುಂಡೆ ಆಗಲೇ ಚೀಲ ಹೆಗಲಿಗೇರಿಸಿಕೊಂಡು ಚಿಕ್ಕ ಮಕ್ಕಳ ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದಳು. ಮಾತಿಲ್ಲ. ನಾನು ಅವಳ ಹೆಗಲಿನ ಚೀಲ ಹಿಡಿದು ನಿಲ್ಲಿಸಿದೆ.

"ನೀವು ಬರಲ್ಲ ಅಂದುಕೊಂಡೆ," ಎಂದರು ಹೆಡ್‌ಮಿಸ್.

"ಮೂರಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ ಮಿಸ್."

ಅವರು ಕಟ್ಟನ್ನು ತೆಗೆದುಕೊಂಡು ತಿರುವಿದರು. ಪುಸ್ತಕದ ಪಕ್ಕ ಹಿಡಿದು ಮೊದಲ ಪುಟ ಹೋಲಿಸಿದರು, ನಡುವಿನದು ಒಂದು, ಕೊನೆಯದು. "ಎಲ್ಲಾ ಟೈಪ್ ಮಾಡಿದ್ದೀರಾ?" ಎಂದರು. ದನಿಯಲ್ಲಿ ಹಿಂದಿನ ಕರುಣೆ ಇರಲಿಲ್ಲ. "ಆದರೆ ಪ್ರತಿ ಪುಸ್ತಕಕ್ಕೂ ಹೀಗೆ ಆಗುತ್ತಾ ಅಮ್ಮ?"

"ಮುಂದಿನ ಪುಸ್ತಕ ಯಾವುದು ಅಂತ ಇವತ್ತೇ ಹೇಳಿಬಿಡಿ. ಮೂರು ವಾರ ಮುಂಚೆ ಸಿಕ್ಕರೆ ನನಗೂ ಉಸಿರಾಡೋಕೆ ಆಗುತ್ತೆ."

ಅವರು ನನ್ನನ್ನು ನೋಡಿದರು. ನಾನು ಬಾಗಿಲಿನಿಂದ ಕದಲಲಿಲ್ಲ. ಕೊನೆಗೆ ಅವರೇ ಪಕ್ಕಕ್ಕೆ ಸರಿದು, "ಹೋಗು, ನಿನ್ನ ಜಾಗಕ್ಕೆ ಹೋಗು," ಎಂದು ಮಗಳಿಗೆ ಹೇಳಿದರು.

ನಾನು ಕಿಟಕಿಯ ಹೊರಗೆ ನಿಂತೆ. ಜೀರುಂಡೆಯ ಸರದಿ ಏಳನೆಯದು. ಹಾಳೆಯನ್ನು ಮೂಗಿನ ಹತ್ತಿರ ತಂದು ಶುರು ಮಾಡಿದಳು. ಮೊದಲ ಸಾಲಿನಲ್ಲೇ ತಡವರಿಸಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಓದು ನಿಲ್ಲಿಸಿ, ಆ ಕಡೆ ತಿರುಗಿ, ಸದ್ದು ಪೂರ್ತಿ ಅಡಗುವವರೆಗೆ ಕಾದು, ಮತ್ತೆ ಮೊದಲಿನಿಂದ ಓದಿದಳು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕಥೆಯ ಮುದುಕಿಗೆ ಒಂದು ದನಿ, ಬೆಕ್ಕಿಗೆ ಇನ್ನೊಂದು ದನಿ ಬಂದಿತ್ತು.

"ಸಾಕು, ಇನ್ನು ಮುಂದಿನವರು," ಎಂದರು ಟೀಚರ್.

"ಇವಳ ಮಾತು ಇನ್ನೂ ಮುಗಿದಿಲ್ಲ ಮಿಸ್," ಎಂದು ಮುದುಕಿಯ ಸಾಲನ್ನು ಬೆರಳಿನಿಂದ ತೋರಿಸಿ, ಅದನ್ನೂ ಮುಗಿಸಿಯೇ ಕೂತಳು.

ಅರವತ್ತೊಂದು ಹಾಳೆಯ ಕಟ್ಟು ಅವಳ ಪಾಲಿನ ಅರ್ಧ ಡೆಸ್ಕಿನಲ್ಲಿ ಹಿಡಿಸಲಿಲ್ಲ. ಅವಳು ಅದನ್ನು ಮಡಚಲಿಲ್ಲ. ಪಕ್ಕದವಳ ಕಡೆಗೂ ಹರಡಿಕೊಂಡು ಕೂತಳು. ಪಕ್ಕದವಳು ಒಂದು ಸಲ ನೋಡಿ, ತನ್ನ ಪೆನ್ಸಿಲ್ ಡಬ್ಬಿ ಎತ್ತಿಕೊಂಡು, ಆ ದೊಡ್ಡ ಅಕ್ಷರಗಳ ಮೇಲೆ ತಾನೂ ಬಗ್ಗಿದಳು.